ನಕ್ಷೆಯ ಕಡತವೂ ಕನ್ನಡದ ಅಕ್ಷರಗಳೂ

(ಅಂತಿಮ ಬಿ. ಎ. ವಿದ್ಯಾರ್ಥಿ, ಹೊಸಮನೆ)

ಅಂತರಜಾಲದ ವಿಶ್ವಕೋಶವಾದ ವಿಕಿಪೀಡಿಯವನ್ನು ನೋಡದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಇರಲಾರನು. ನೋಡಿಯೇ ಟಿಪ್ಪಣಿ ಬರೆದೆನೆಂದು ಅಧ್ಯಾಪಕರೆದುರು ಒಪ್ಪಿಕೊಳ್ಳುವವನೂ ಇರಲಾರನು. ಅದರ ಕನ್ನಡ ವಿಭಾಗವು ೨೦೦೩ರಲ್ಲಿ ಆರಂಭವಾಯಿತು. ಅದರ ಲೇಖನಗಳನ್ನು ಯಾರು ಬೇಕಾದರೂ ತಿದ್ದಬಹುದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಲೇಖನದ ಬದಿಯಲ್ಲಿರುವ ಭೂಪಟ, ರೇಖಾಚಿತ್ರ ಮೊದಲಾದವನ್ನೂ ಹಾಗೆಯೇ ತಿದ್ದಬಹುದೆಂಬುದು ಹಲವರಿಗೆ ತಿಳಿಯದು. ಅವುಗಳಲ್ಲಿ ಬಹುಪಾಲು ಇರುವುದು ವಿಕಿಪೀಡಿಯದೊಳಗೇ ಅಲ್ಲ. ೨೦೦೪ರ ಸೆಪ್ಟೆಂಬರಿನಲ್ಲಿ ಪ್ರಾರಂಭವಾದ ವಿಕಿಮೀಡಿಯ ಕಾಮನ್ಸ್ ಎಂಬ ಸಾರ್ವಜನಿಕ ಭಂಡಾರದಲ್ಲಿ. ಈಗ ಅಲ್ಲಿ ೧೦ ಕೋಟಿಗೂ ಮಿಕ್ಕ ಕಡತಗಳಿವೆ. ಎಲ್ಲ ಭಾಷೆಗಳ ವಿಕಿಪೀಡಿಯಗಳೂ ಆ ಒಂದೇ ಉಗ್ರಾಣದಿಂದ ಚಿತ್ರಗಳನ್ನು ತರಿಸಿಕೊಳ್ಳುತ್ತವೆ.

ಇದರಿಂದಾಗುವ ಅನುಕೂಲವೂ ಅಪಾಯವೂ ಒಂದೇ ಬಗೆಯವು. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಉತ್ಪಾದನೆಯನ್ನು ಪ್ರಾರಂಭಿಸಿದುದು. ಎರಕದ ಕೆಲಸ ಬಲ್ಲವರನ್ನು ಕೇಳಿದರೆ ಅವರು ಮೊದಲು ಹೇಳುವುದು ಮರದ ಪ್ಯಾಟರ್ನಿನ ವಿಷಯ. ಪ್ಯಾಟರ್ನು ಒಂದು, ಅದರಿಂದ ತೆಗೆಯುವ ಎರಕಗಳು ನೂರು. ಪ್ಯಾಟರ್ನಿನಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೆ ನೂರು ಎರಕಗಳಲ್ಲಿಯೂ ಆ ತಪ್ಪು ಮೂಡುತ್ತದೆ. ಸರಿಪಡಿಸಿದರೆ ಮುಂದಿನ ನೂರೂ ಸರಿಯಾಗುತ್ತವೆ. ಕಾಮನ್ಸಿನ ನಕ್ಷೆಯಾದರೋ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಪ್ಯಾಟರ್ನನ್ನು ತಿದ್ದಿದೊಡನೆ ಹಿಂದೆ ತೆಗೆದ ಎರಕಗಳೂ ಬದಲಾಗಿಬಿಡುತ್ತವೆ. ಕರ್ನಾಟಕದ ಜಿಲ್ಲಾ ನಕ್ಷೆಯೊಂದನ್ನು ಹೊಸಮನೆಯಲ್ಲಿ ಕುಳಿತು ತಿದ್ದಿದರೆ, ಆ ಕಡತವನ್ನು ಬಳಸಿರುವ ತಮಿಳು, ಮರಾಠಿ, ಜರ್ಮನ್ ಪುಟಗಳಲ್ಲಿಯೂ ಅದು ತಿದ್ದಿದಂತಾಯಿತು. ಆದ್ದರಿಂದ ಇಂಥ ಕಡತಗಳಿಗೆ ಬರುವ ರೋಗಗಳಾವುವು, ಅವುಗಳಿಗೆ ಮದ್ದೇನು ಎಂಬುದನ್ನು, ಅದರಲ್ಲಿಯೂ ಕನ್ನಡದ ಅಕ್ಷರಗಳಿಗೆ ಬರುವ ರೋಗಗಳನ್ನು, ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಮೊದಲು ಈ ಕಡತವೆಂದರೇನೆಂಬುದನ್ನು ತಿಳಿಯೋಣ. ನನ್ನ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಏಳು ಚುಕ್ಕಿಯ ರಂಗೋಲಿಯೊಂದನ್ನು ಪಕ್ಕದ ಮನೆಯವರಿಗೆ ಬಾಯಲ್ಲಿಯೇ ಹೇಳಿಕೊಡಬಲ್ಲರು. ಇಷ್ಟು ಚುಕ್ಕಿ, ಇಷ್ಟು ಸಾಲು, ಈ ಚುಕ್ಕಿಯಿಂದ ಆ ಚುಕ್ಕಿಗೆ ಗೆರೆ, ಅಲ್ಲಿಂದ ಬಳಸಿಕೊಂಡು ಇಲ್ಲಿಗೆ. ಕೇಳಿಸಿಕೊಂಡವರು ಅದನ್ನು ಅಂಗೈಯಗಲದ ಜಾಗದಲ್ಲಿಯೂ ಹಾಕಬಹುದು, ದೇವಸ್ಥಾನದ ಅಂಗಳದಲ್ಲಿಯೂ ಹಾಕಬಹುದು, ರೂಪ ಕೆಡುವುದಿಲ್ಲ. ಅದೇ ರಂಗೋಲಿಯ ಛಾಯಾಚಿತ್ರವನ್ನು ತೆಗೆದು ಹಿಗ್ಗಿಸುತ್ತ ಹೋದರೆ ಕಡೆಗೆ ಬಣ್ಣಬಣ್ಣದ ಚೌಕಗಳು ಮಾತ್ರ ಉಳಿಯುತ್ತವೆ. ಬಾಯಲ್ಲಿ ಹೇಳಿದ ರಂಗೋಲಿಯೇ ವೆಕ್ಟರ್ ಚಿತ್ರ. ಇದನ್ನು ಬರೆದಿಡುವ ಒಂದು ಕ್ರಮಕ್ಕೆ ಎಸ್‌ವಿಜಿ ಎಂದು ಹೆಸರು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆಯು ೨೦೦೧ರಲ್ಲಿ ಇದನ್ನು ಅಂಗೀಕರಿಸಿತು. ಕಾಮನ್ಸಿನಲ್ಲಿ ನಕ್ಷೆಗಳಿಗೂ ರೇಖಾಚಿತ್ರಗಳಿಗೂ ಇದೇ ಮೆಚ್ಚಿನ ರೂಪ.

ಎಸ್‌ವಿಜಿ ಕಡತವನ್ನು ಸಾಧಾರಣ ಬರಹದ ಕಡತದಂತೆ ತೆರೆದು ಓದಬಹುದು. ಇದು ಬಹುಮಂದಿಗೆ ಅಚ್ಚರಿಯ ವಿಷಯ. ಒಳಗೆ ಇರುವುದು ಬರಿಯ ಮಾತುಗಳೂ ಅಂಕಿಗಳೂ. ‘ಎಂ’ ಎಂಬ ಅಕ್ಷರ ಬಂದರೆ ಲೇಖನಿಯನ್ನೆತ್ತಿ ಮುಂದೆ ಹೇಳಿದ ಜಾಗಕ್ಕೆ ಹೋಗೆಂದು ಅರ್ಥ, ‘ಎಲ್’ ಎಂದರೆ ಅಲ್ಲಿಂದ ಗೆರೆ ಎಳೆ, ‘ಝಡ್’ ಎಂದರೆ ಹೊರಟಲ್ಲಿಗೆ ಹಿಂತಿರುಗಿ ಮುಚ್ಚು. ಒಂದು ಜಿಲ್ಲೆಯ ಗಡಿ ಎಂದರೆ ಇಂಥ ಕೆಲವು ನೂರು ಅಂಕಿಗಳ ಸಾಲು, ಅಷ್ಟೆ. ಪ್ರತಿಯೊಂದು ಅಂಶಕ್ಕೂ ತೆರೆಯುವ ಗುರುತು, ಮುಚ್ಚುವ ಗುರುತು ಎಂದು ಇವೆ. ಮುಚ್ಚುವ ಗುರುತೊಂದು ಅಳಿಸಿಹೋದರೆ ಇಡೀ ಚಿತ್ರವೇ ಕಾಣದೆ ಹೋಗಬಹುದು. ನೋಡಲು ಭಯಂಕರವಾದರೂ ಇದು ಎಲ್ಲಕ್ಕಿಂತ ಸುಲಭವಾದ ರೋಗ. ಕಡತವನ್ನು ಬ್ರೌಸರಿನಲ್ಲಿ ತೆರೆದರೆ ಎಷ್ಟನೆಯ ಸಾಲಿನಲ್ಲಿ ತಪ್ಪಿದೆಯೆಂದು ಅದೇ ಹೇಳಿಬಿಡುತ್ತದೆ.

ಕಷ್ಟವಿರುವುದು ಅಕ್ಷರಗಳಲ್ಲಿ. ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರನ್ನು ಕನ್ನಡದಲ್ಲಿ ಬರೆದು ನಕ್ಷೆಯೊಂದನ್ನು ಸಿದ್ಧಪಡಿಸಿದೆವೆನ್ನಿ. ನಮ್ಮ ಗಣಕದಲ್ಲಿ ಎಲ್ಲವೂ ಚೆಂದ. ಕಾಮನ್ಸಿಗೆ ಸೇರಿಸಿದ ಮೇಲೆ ನೋಡಿದರೆ ‘ಭದ್ರಾವತಿ’ ಗಡಿಯನ್ನು ದಾಟಿ ಪಕ್ಕದ ತಾಲ್ಲೂಕಿನ ಮೇಲೆ ಮಲಗಿದೆ, ‘ತೀರ್ಥಹಳ್ಳಿ’ಯ ಜಾಗದಲ್ಲಿ ಖಾಲಿ ಚೌಕಗಳಿವೆ. ಬರೆದವನ ಗಣಕದಲ್ಲಿ ಸರಿಯಾಗಿ ಕಾಣುವುದೇ ಈ ರೋಗದ ಮುಖ್ಯ ಲಕ್ಷಣ. ಕಾರಣವಿಷ್ಟು: ಲೇಖನದ ಬದಿಯಲ್ಲಿ ನಾವು ಸಾಮಾನ್ಯವಾಗಿ ಕಾಣುವುದು ಮೂಲ ಕಡತವನ್ನಲ್ಲ. ವಿಕಿಮೀಡಿಯದ ಸರ್ವರ್ ‘ಲಿಬ್‌ಆರ್‌ಎಸ್‌ವಿಜಿ’ ಎಂಬ ತಂತ್ರಾಂಶದಿಂದ ಆ ಸೂಚನೆಗಳನ್ನು ಓದಿ, ಬೇಕಾದ ಗಾತ್ರದ ಒಂದು ಚಿತ್ರವನ್ನು ತಾನೇ ಬಿಡಿಸಿ ನಮಗೆ ಕಳುಹಿಸುತ್ತದೆ. ಹಾಗೆ ಬಿಡಿಸುವಾಗ ಅದು ಬಳಸಬಲ್ಲುದು ತನ್ನಲ್ಲಿರುವ ಫಾಂಟುಗಳನ್ನು ಮಾತ್ರ. ನಾವು ಹಣ ಕೊಟ್ಟು ತಂದ ಫಾಂಟಿನ ಹೆಸರನ್ನು ಕಡತದಲ್ಲಿ ಬರೆದಿದ್ದರೆ ಅದು ಸರ್ವರಿಗೆ ಅಪರಿಚಿತ. ಇದ್ದುದರಲ್ಲಿ ಇನ್ನೊಂದನ್ನು ಎತ್ತಿಕೊಳ್ಳುತ್ತದೆ. ಆ ಇನ್ನೊಂದರ ಅಕ್ಷರ ಅಗಲವಾಗಿದ್ದರೆ ಹೆಸರು ಗಡಿ ದಾಟುತ್ತದೆ, ಅದರಲ್ಲಿ ಕನ್ನಡವೇ ಇಲ್ಲದಿದ್ದರೆ ಚೌಕಗಳು ಮೂಡುತ್ತವೆ.

ಇದಕ್ಕೆ ಮದ್ದು, ಸರ್ವರಿನಲ್ಲಿರುವ ಮುಕ್ತ ಫಾಂಟನ್ನು ಹೆಸರಿಸುವುದು. ಯಾವ ಯಾವ ಫಾಂಟುಗಳು ಇವೆಯೆಂಬ ಪಟ್ಟಿಯನ್ನು ವಿಕಿಮೀಡಿಯದವರೇ ಪ್ರಕಟಿಸಿದ್ದಾರೆ. ಕನ್ನಡಕ್ಕೆ ‘ಲೋಹಿತ್ ಕನ್ನಡ’ವನ್ನು ಹೆಸರಿಸುವುದು ರೂಢಿ. ಹೆಸರಿನ ಕೊನೆಯಲ್ಲಿ ‘ಸ್ಯಾನ್ಸ್-ಸೆರಿಫ್’ ಎಂಬ ಸಾಮಾನ್ಯ ವರ್ಗವನ್ನೂ ಸೇರಿಸಿದರೆ ಒಳ್ಳೆಯದು. ಹೆಸರನ್ನು ಎಡತುದಿಯಿಂದ ಅಳೆಯುವ ಬದಲು ನಡುವಿನಿಂದ ಅಳೆಯುವಂತೆ ಸೂಚನೆ ಕೊಟ್ಟರೆ ಅಕ್ಷರ ಸ್ವಲ್ಪ ಹಿಗ್ಗಿದರೂ ಎರಡು ಕಡೆಗೂ ಸಮನಾಗಿ ಹಿಗ್ಗುತ್ತದೆ. ಇದು ಸಣ್ಣ ಉಪಾಯ. ಆದರೆ ನೆರೆಯ ತಾಲ್ಲೂಕಿನೊಡನೆ ಗಡಿವಿವಾದ ತಪ್ಪುತ್ತದೆ.

ಚೌಕಗಳಲ್ಲದೆ ಟೋಪಿ ತೊಟ್ಟ ರೋಮನ್ ಅಕ್ಷರಗಳು ಕಂಡರೆ ಅದು ಬೇರೆಯೇ ರೋಗ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಫಾಂಟು ಜೊತೆಗಿದ್ದಾಗ ಅದು ಕನ್ನಡ, ಇಲ್ಲದಾಗ ಅರ್ಥವಿಲ್ಲದ ಅಕ್ಷರರಾಶಿ. ಇಲ್ಲಿ ಫಾಂಟನ್ನು ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ಬರಹವನ್ನೇ ಯೂನಿಕೋಡಿಗೆ ಪರಿವರ್ತಿಸಬೇಕು.

ಮೂರನೆಯ ರೋಗ ನಮ್ಮ ಲಿಪಿಗಳಿಗೇ ವಿಶೇಷವಾದುದು. ಇಂಗ್ಲಿಷಿನಲ್ಲಿ ಶಿವಮೊಗ್ಗ ಎಂಬ ಹೆಸರಿಗೆ ೧೦ ಅಕ್ಷರ. ಕೆಲವು ಕಡತಗಳಲ್ಲಿ, ಅದರಲ್ಲಿಯೂ ಪಿಡಿಎಫ್‌ನಿಂದ ತೆಗೆದವುಗಳಲ್ಲಿ, ಈ ಹತ್ತಕ್ಕೂ ಒಂದೊಂದು ಸ್ಥಾನವನ್ನು ಪ್ರತ್ಯೇಕವಾಗಿ ಬರೆದಿರುತ್ತದೆ. ಅನುವಾದಿಸುವವರು ಮಾತನ್ನು ಮಾತ್ರ ಅಳಿಸಿ ‘ಶಿವಮೊಗ್ಗ’ ಎಂದು ಬರೆದು ಸ್ಥಾನಗಳ ಸಾಲನ್ನು ಹಾಗೆಯೇ ಬಿಟ್ಟುಬಿಡುತ್ತಾರೆ. ನಮ್ಮ ಕಣ್ಣಿಗೆ ಅದು ನಾಲ್ಕು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಗುಡಿಸು, ಓತ್ವ, ವಿರಾಮಗಳೆಲ್ಲ ಸೇರಿ ಎಂಟು ಸಂಕೇತ. ಸಾಲಿನಲ್ಲಿ ಉಳಿದಿರುವುದೋ ಹತ್ತು ಸ್ಥಾನ. ಪರಿಣಾಮವಾಗಿ ಅಕ್ಷರಗಳು ಅಲ್ಲೊಂದು ಇಲ್ಲೊಂದು ಚೆಲ್ಲಿಬೀಳುತ್ತವೆ. ಕೆಲವೊಮ್ಮೆ ಒತ್ತಕ್ಷರವೇ ತನ್ನ ಆಸರೆಯಿಂದ ಕಳಚಿಕೊಳ್ಳುತ್ತದೆ. ಕನ್ನಡವೇ ತಿಳಿಯದವರು ತಿದ್ದಿದ ಕಡತವಾದರೆ ಇದು ಅವರಿಗೆ ಗೊತ್ತಾಗುವುದೂ ಇಲ್ಲ. ಮೊದಲ ಸ್ಥಾನವೊಂದನ್ನು ಉಳಿಸಿ ಮಿಕ್ಕ ಒಂಬತ್ತನ್ನು ಅಳಿಸಿದರೆ ಸಾಕು, ಹೆಸರು ತಾನಾಗಿ ಕೂಡಿಕೊಳ್ಳುತ್ತದೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಸೂಚನೆ ಎಲ್ಲಿಯಾದರೂ ಇದ್ದರೆ ಅದನ್ನೂ ತೆಗೆಯಬೇಕು.

ಈ ಎಲ್ಲ ತೊಡಕಿಗೂ ಒಂದೇ ಏಟಿಗೆ ಪರಿಹಾರವೊಂದಿದೆ; ಬಹುಮಂದಿ ಅದನ್ನೇ ಹಿಡಿಯುತ್ತಾರೆ. ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರಣ ತಂತ್ರಾಂಶದಲ್ಲಿ ಅಕ್ಷರಗಳನ್ನು ಆರಿಸಿ ಗೆರೆಗಳನ್ನಾಗಿ ಮಾರ್ಪಡಿಸಿಬಿಡುವುದು. ಆಮೇಲೆ ಫಾಂಟಿನ ಹಂಗಿಲ್ಲ, ಎಲ್ಲಿ ತೆರೆದರೂ ಒಂದೇ ರೂಪ. ನನ್ನ ಅಭಿಪ್ರಾಯದಲ್ಲಿ ಇದು ಹಂಚಿಕೊಂಡ ಕಡತಕ್ಕೆ ಮಾಡಬಹುದಾದ ದೊಡ್ಡ ಅಪಕಾರ. ಗೆರೆಯಾದ ಮೇಲೆ ‘ಸಾಗರ’ ಎಂಬುದು ಹೆಸರಲ್ಲ, ಬಳ್ಳಿಯಂತೆ ಬಳುಕುವ ಕೆಲವು ವಕ್ರರೇಖೆಗಳು. ಅದನ್ನು ಹುಡುಕಲು ಬಾರದು, ತಿದ್ದಲು ಬಾರದು, ಬೇರೆ ಭಾಷೆಗೆ ಹೊರಳಿಸಲು ಬಾರದು. ಕೇಂದ್ರ ಸರ್ಕಾರದ ಒಪ್ಪಿಗೆಯ ಮೇಲೆ ೨೦೧೪ರ ನವೆಂಬರ್ ೧ರಿಂದ ನಮ್ಮ ಊರಿನ ಹೆಸರಿನ ಇಂಗ್ಲಿಷ್ ರೂಪವು ‘ಶಿಮೊಗ’ ಹೋಗಿ ‘ಶಿವಮೊಗ್ಗ’ವಾಯಿತಷ್ಟೆ, ಬೆಳಗಾವಿ, ಕಲಬುರಗಿ, ಮೈಸೂರುಗಳೂ ಅದೇ ದಿನ ಬದಲಾದವು. ಅಕ್ಷರಗಳು ಅಕ್ಷರಗಳಾಗಿಯೇ ಉಳಿದಿರುವ ನಕ್ಷೆಯಲ್ಲಿ ಈ ತಿದ್ದುಪಡಿ ಕೆಲವು ನಿಮಿಷಗಳ ಕೆಲಸ. ಗೆರೆಯಾಗಿರುವ ನಕ್ಷೆಯಲ್ಲಿಯಾದರೋ ಪ್ರತಿಯೊಂದು ಹೆಸರನ್ನೂ ಕೆತ್ತಿ ತೆಗೆದು ಹೊಸದಾಗಿ ಬರೆಯಬೇಕು. ಲಾಂಛನದಲ್ಲಿ ಅಕ್ಷರದ ಆಕಾರವೇ ಮುಖ್ಯವಾದುದರಿಂದ ಅಲ್ಲಿ ಗೆರೆ ಒಪ್ಪೀತು, ನಕ್ಷೆಯಲ್ಲಿ ಒಪ್ಪದು.

ಅಕ್ಷರಗಳನ್ನು ಉಳಿಸಿಕೊಂಡರೆ ಇನ್ನೊಂದು ಲಾಭವುಂಟು. ‘ಸ್ವಿಚ್’ ಎಂಬ ಅಂಶದ ಒಳಗೆ ಒಂದೇ ಊರಿನ ಹೆಸರನ್ನು ಹಲವು ಭಾಷೆಗಳಲ್ಲಿ ಬರೆದಿಡಬಹುದು. ಪ್ರತಿಯೊಂದಕ್ಕೂ ಭಾಷೆಯ ಗುರುತು ಹಚ್ಚಬೇಕು, ಕನ್ನಡಕ್ಕೆ ‘ಕೆಎನ್’. ಲೇಖನ ಬರೆಯುವವರು ತಮಗೆ ಬೇಕಾದ ಭಾಷೆಯನ್ನು ಹೆಸರಿಸಿದರೆ ಆ ಹೆಸರುಗಳಿರುವ ನಕ್ಷೆ ಬರುತ್ತದೆ. ಗಡಿಯ ಗೆರೆಗಳು ಎಲ್ಲರಿಗೂ ಒಂದೇ. ಹೀಗೆ ಮಾಡದೆ ಭಾಷೆಗೊಂದು ಪ್ರತಿ ಮಾಡಿಕೊಂಡಲ್ಲಿ ಇಂಗ್ಲಿಷ್ ಪ್ರತಿ ತಿದ್ದಿಸಿಕೊಳ್ಳುತ್ತದೆ, ಕನ್ನಡದ ಪ್ರತಿ ವರ್ಷಗಟ್ಟಲೆ ಹಳೆಯದಾಗಿಯೇ ಉಳಿಯುತ್ತದೆ. ಒಂದು ಎಚ್ಚರಿಕೆ: ಭಾಷೆಯ ಗುರುತಿಲ್ಲದ ಹೆಸರು ಸ್ವಿಚ್ಚಿನಲ್ಲಿ ಕಡೆಗೆ ಇರಬೇಕು. ಮೊದಲು ಹೊಂದಿದ್ದನ್ನು ಎತ್ತಿಕೊಂಡು ಉಳಿದುದನ್ನು ಬಿಡುವುದು ಅದರ ಸ್ವಭಾವ. ಗುರುತಿಲ್ಲದ್ದು ಎಲ್ಲರಿಗೂ ಹೊಂದುವುದರಿಂದ ಅದು ಮೊದಲಿದ್ದರೆ ಕನ್ನಡದ ಸರದಿ ಬರುವುದೇ ಇಲ್ಲ.

ಬರಹವಿರಬೇಕಾದಲ್ಲಿ ಕಪ್ಪು ಚೌಕ ಕಂಡರೆ ಅದು ೨೦೨೦ಕ್ಕೆ ಹಿಂದಿನ ಇಂಕ್‌ಸ್ಕೇಪ್ ಆವೃತ್ತಿಗಳ ಕಾಣಿಕೆ. ಅವುಗಳಲ್ಲಿ ಪೆಟ್ಟಿಗೆಯೊಂದನ್ನು ಎಳೆದು ಅದರೊಳಗೆ ಬರೆದ ಮಾತು, ಎಸ್‌ವಿಜಿಯ ಅಂಗೀಕೃತ ನಿಯಮಕ್ಕೆ ಸೇರದ ರೂಪದಲ್ಲಿ ಉಳಿಯುತ್ತಿತ್ತು. ಅದನ್ನು ಸಾಧಾರಣ ಬರಹವಾಗಿ ಮಾರ್ಪಡಿಸಬೇಕು. ಹೊರಗಿನ ಚಿತ್ರಕ್ಕೆ ಕೊಂಡಿ ಹಾಕಿದ್ದರೆ ಭದ್ರತೆಯ ದೃಷ್ಟಿಯಿಂದ ಸರ್ವರ್ ಅದನ್ನು ತರುವುದಿಲ್ಲ. ಇನ್ನು, ತಿದ್ದಿ ಸೇರಿಸಿದ ಮೇಲೂ ಹಳೆಯ ಚಿತ್ರವೇ ಕಾಣುತ್ತಿದೆಯೆಂದು ಗಾಬರಿಯಾಗುವವರುಂಟು. ಅದೇ ಕಡತವನ್ನು ಮತ್ತೆ ಮತ್ತೆ ಸೇರಿಸಿ ಚರಿತ್ರೆಯ ಪಟ್ಟಿಯನ್ನು ಹನುಮಂತನ ಬಾಲ ಮಾಡುವವರೂ ಅವರೇ. ಸರ್ವರ್ ಒಮ್ಮೆ ಬಿಡಿಸಿದ ಚಿತ್ರವನ್ನು ತೆಗೆದಿಟ್ಟುಕೊಂಡಿರುತ್ತದೆ, ನಮ್ಮ ಬ್ರೌಸರೂ ಹಾಗೆಯೇ ಮಾಡುತ್ತದೆ. ಕಡತದ ಪುಟವನ್ನು ‘ಪರ್ಜ್’ ಮಾಡಿ, ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಎಫ್೫ ಕೀಲಿಗಳನ್ನು ಒತ್ತಿ, ಸ್ವಲ್ಪ ಕಾಯುವುದೇ ಚಿಕಿತ್ಸೆ.

ಗಡಿಗಳ ವಿಷಯ ಇನ್ನೂ ನಾಜೂಕಾದುದು. ಹರಪನಹಳ್ಳಿ ತಾಲ್ಲೂಕಿನ ಚರಿತ್ರೆಯನ್ನೇ ನೋಡಿ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾದಾಗ ಅದು ಬಳ್ಳಾರಿಯಿಂದ ಅತ್ತ ಹೋಯಿತು. ನಮ್ಮ ಜಿಲ್ಲೆಯ ಹೊನ್ನಾಳಿ, ಚನ್ನಗಿರಿಗಳೂ ಆಗಲೇ ದಾವಣಗೆರೆಗೆ ಸೇರಿದುವು. ೨೦೧೮ರಲ್ಲಿ ಹರಪನಹಳ್ಳಿ ಮರಳಿ ಬಳ್ಳಾರಿಗೆ ಬಂದಿತು. ೨೦೨೧ರಲ್ಲಿ ವಿಜಯನಗರ ೩೧ನೆಯ ಜಿಲ್ಲೆಯಾದಾಗ ಅಲ್ಲಿಗೆ ನಡೆಯಿತು. ಹೀಗೆ ಒಂದು ತಾಲ್ಲೂಕಿನ ಆಕಾರವನ್ನು ಇಲ್ಲಿಂದ ಕಿತ್ತು ಅಲ್ಲಿ ಕೂಡಿಸುವಾಗ, ಎರಡು ಜಿಲ್ಲೆಗಳಿಗೆ ಸಮಾನವಾದ ಗಡಿಯ ಅಂಕಿಗಳು ಎರಡು ಕಡೆಯೂ ಅಕ್ಷರಶಃ ಒಂದೇ ಇರಬೇಕು. ಕಡತ ಹಗುರವಾಗಲೆಂದು ಒಂದೊಂದು ಜಿಲ್ಲೆಯ ಗೆರೆಯನ್ನೂ ಬಿಡಿಬಿಡಿಯಾಗಿ ಸರಳಗೊಳಿಸಿದರೆ ಎರಡರ ನಡುವೆ ಬಿಳಿಯ ಬಿರುಕುಗಳು ಏಳುತ್ತವೆ. ಸಣ್ಣ ಚಿತ್ರದಲ್ಲಿ ಅವು ಕಾಣವು. ಹಿಗ್ಗಿಸಿದಾಗ ಯಾವ ಜಿಲ್ಲೆಗೂ ಸೇರದ ಭೂಮಿ ಎದ್ದು ಕಾಣುತ್ತದೆ.

ಆದರೆ ಹೊಸ ಜಿಲ್ಲೆಯಾಯಿತೆಂದು ಹಳೆಯ ನಕ್ಷೆಯ ಮೇಲೆಯೇ ಹೊಸದನ್ನು ಹೇರಬಹುದೇ? ೨೦೧೧ರ ಜನಗಣತಿಯ ಕಾಲಕ್ಕೆ ರಾಜ್ಯದಲ್ಲಿದ್ದುದು ೩೦ ಜಿಲ್ಲೆ. ಆ ಗಣತಿಯ ಅಂಕಿಗಳ ಪಕ್ಕದಲ್ಲಿ ೩೧ ಜಿಲ್ಲೆಯ ನಕ್ಷೆ ಬಂದು ಕುಳಿತರೆ, ಅಲ್ಲಿ ಲೇಖನವೂ ಸರಿ, ನಕ್ಷೆಯೂ ಸರಿ, ಪುಟ ಮಾತ್ರ ತಪ್ಪು. ಆದ್ದರಿಂದ ಕೈ ಹಾಕುವ ಮೊದಲು ಕಡತದ ಪುಟದ ಕೆಳಭಾಗವನ್ನು ನೋಡಬೇಕು. ಯಾವ ಭಾಷೆಯ ಯಾವ ಪುಟಗಳು ಅದನ್ನು ಬಳಸುತ್ತಿವೆಯೆಂಬ ಪಟ್ಟಿ ಅಲ್ಲಿದೆ. ಕಾಗುಣಿತ, ಬಣ್ಣ, ಬಿರುಕುಗಳಂಥ ಸಣ್ಣ ತಿದ್ದುಪಡಿಯಾದರೆ ಅದೇ ಹೆಸರಿನಲ್ಲಿ ಸೇರಿಸಬಹುದು. ನಕ್ಷೆಯ ಅರ್ಥವೇ ಬದಲಾಗುವಂತಿದ್ದರೆ ಹೊಸ ಹೆಸರಿನ ಕಡತವೇ ಸರಿಯೆಂಬುದು ಕಾಮನ್ಸಿನ ನಿಯಮ. ಹಳೆಯ ಆವೃತ್ತಿಗಳೆಲ್ಲ ಉಳಿದಿರುವುದರಿಂದ ಯಾರಾದರೂ ದುಡುಕಿ ಹೇರಿದ್ದರೂ ಹಿಂದಿನದನ್ನು ಮರಳಿ ತರಬಹುದು.

ಹೆಸರಿಡುವುದರಲ್ಲಿಯೂ ಜಾಗ್ರತೆ ಬೇಕು. ಶಿವಮೊಗ್ಗದಲ್ಲೊಂದು ಹೊಸಮನೆಯಿದೆ, ಭದ್ರಾವತಿಯಲ್ಲೊಂದು ಹೊಸಮನೆಯಿದೆ. ಎರಡೂ ಊರುಗಳ ನಡುವಿನ ದೂರ ಸುಮಾರು ೨೦ ಕಿಲೋಮೀಟರು. ‘ಹೊಸಮನೆ ನಕ್ಷೆ’ ಎಂದಷ್ಟೇ ಹೆಸರಿಟ್ಟರೆ ಅದು ಯಾವುದೆಂದು ನಮ್ಮ ಜಿಲ್ಲೆಯವರಿಗೇ ತಿಳಿಯದು, ಪರಭಾಷೆಯವರ ಪಾಡೇನು? ಊರು, ಜಿಲ್ಲೆ, ನಕ್ಷೆ ಯಾವ ವರ್ಷದ ಸ್ಥಿತಿಯನ್ನು ತೋರುತ್ತದೆ ಎಂಬಿಷ್ಟು ಹೆಸರಿನಲ್ಲಿರಲಿ. ತಿದ್ದಿ ಸೇರಿಸುವಾಗ ಏನು ಮಾಡಿದೆವೆಂದು ಬರೆಯಲು ಒಂದು ಸಾಲಿನ ಜಾಗ ಕೊಟ್ಟಿರುತ್ತಾರೆ. ಹೆಚ್ಚಿನವರು ಅಲ್ಲಿ ‘ಸರಿಪಡಿಸಿದೆ’ ಎಂದು ಬರೆದು ಮುಗಿಸುತ್ತಾರೆ. ‘ಹರಪನಹಳ್ಳಿಯನ್ನು ವಿಜಯನಗರಕ್ಕೆ ಸೇರಿಸಿದೆ, ಬೇರೆ ಗಡಿಗಳನ್ನು ಮುಟ್ಟಿಲ್ಲ, ಹೆಸರುಗಳು ಅಕ್ಷರರೂಪದಲ್ಲಿಯೇ ಇವೆ’ ಎಂದು ಬರೆದರೆ, ಮುಂದೆ ಆ ಕಡತವನ್ನು ತೆರೆಯುವವನಿಗೆ ಎಲ್ಲಿಂದ ಪ್ರಾರಂಭಿಸಬೇಕೆಂಬುದು ತಿಳಿಯುತ್ತದೆ.