ಬಾಗಿಲಲ್ಲಿ ನಿಂತವರಿಗೆ ಉತ್ತರ ಹೇಳುವವರಾರು?

ಮಂಗಳೂರು ಮಹಾನಗರದ ಉತ್ತರ ಭಾಗದಲ್ಲಿ, ಸುರತ್ಕಲ್ಲಿಗೆ ಸಮೀಪ, ಕಾಟಿಪಳ್ಳವಿದೆ. ನವಮಂಗಳೂರು ಬಂದರಿಗಾಗಿ ಪಣಂಬೂರು ಸುತ್ತಲಿನ ನೆಲೆಯನ್ನು ತೆರವು ಮಾಡಿದ ಕುಟುಂಬಗಳಿಗೆ ಇಲ್ಲಿ ನಿವೇಶನ ದೊರೆಯಿತು. ಆ ಕಾರಣದಿಂದಲೇ ಊರನ್ನು ಇಂದಿಗೂ ಬ್ಲಾಕುಗಳ ಲೆಕ್ಕದಲ್ಲಿ ಕರೆಯುತ್ತಾರೆ. ಬಂದರಿನ ಹಿಂದೆ ಕೈಗಾರಿಕೆಗಳು ಬಂದವು, ನಗರ ಬೆಳೆಯಿತು. ಕಟ್ಟಡದ ಕೆಲಸಕ್ಕೆಂದು ಬಾಗಲಕೋಟೆ, ಕೊಪ್ಪಳ, ಗದಗ ಸೀಮೆಯ ನಮ್ಮ ಜನರೂ ಮಂಗಳೂರಿಗೆ ಬಂದರು.

1990ರ ದಶಕದಲ್ಲಿ ಮಲೇರಿಯಾ ಈ ನಗರವನ್ನು ಬಲವಾಗಿ ಹಿಡಿಯಿತು. ವಲಸೆ ಬಂದವರೇ ರೋಗ ತಂದರೆಂಬ ಮಾತು ಸುಲಭವಾಗಿ ಹುಟ್ಟಿತು. ಆದರೆ ನಗರದಲ್ಲಿ ಮಲೇರಿಯಾ ಹರಡುವ ಸೊಳ್ಳೆ ಬೆಳೆಯುವುದು ತಿಳಿನೀರಿನಲ್ಲಿ: ಮುಚ್ಚಳವಿಲ್ಲದ ತೊಟ್ಟಿ, ಬಾವಿ, ಕಟ್ಟುತ್ತಿರುವ ಮಹಡಿಯ ಮೇಲೆ ನಿಲ್ಲಿಸಿದ ನೀರು. ಆ ಮಹಡಿ ಕೂಲಿಯವನದಲ್ಲ. ಮಾಲೀಕನು ಗುತ್ತಿಗೆದಾರನನ್ನೂ ಗುತ್ತಿಗೆದಾರನು ಪಾಲಿಕೆಯನ್ನೂ ತೋರಿಸುತ್ತಿರುವಾಗ ಚಳಿಯಲ್ಲಿ ನಡುಗುತ್ತ ದಿನಗೂಲಿ ಕಳೆದುಕೊಳ್ಳುವವನು ಮಾತ್ರ ಅವನೇ.

ಶೂನ್ಯಸಂಪಾದನೆಯ ಒಂದು ಪ್ರಸಂಗ ನಮಗೆ ಇಲ್ಲಿ ನೆನಪಾಗುತ್ತದೆ. ಅಲ್ಲಮಪ್ರಭುಗಳೂ ಸಿದ್ಧರಾಮರೂ ಕಲ್ಯಾಣಕ್ಕೆ ಬಂದು ಬಾಗಿಲಲ್ಲಿ ನಿಂತಾಗ ಬಸವಣ್ಣನವರು ಲಿಂಗಪೂಜೆಯಲ್ಲಿ ಮಗ್ನರಾಗಿದ್ದರು. ತಾವು ಏಳದೆ ಅಪ್ಪಣ್ಣನನ್ನು ಕಳಿಸಿದರು. ಪ್ರಭುಗಳು ಒಳಗೆ ಬರಲಿಲ್ಲ. ಚನ್ನಬಸವಣ್ಣನವರು ತಪ್ಪನ್ನು ತೋರಿಸಿದಾಗ ಬಸವಣ್ಣನವರು ಅದನ್ನು ಒಪ್ಪಿ ಎದ್ದುಬಂದರು. ರಾಜ್ಯದ ಭಂಡಾರ ನೋಡಿಕೊಳ್ಳುತ್ತಿದ್ದ ಹಿರಿಯರು ಕಿರಿಯರ ಮಾತಿಗೆ ತಲೆಬಾಗಿದರು. ಮಠಗಳಲ್ಲಿರುವ ನಾವೂ ಈ ಪ್ರಸಂಗವನ್ನು ಪುರಾಣದಲ್ಲಿ ಹೇಳುವಷ್ಟು ಸಲ ಆಚರಿಸುವುದಿಲ್ಲವೆಂಬುದು ಬೇರೆ ಮಾತು!

ಮಂಗಳೂರಿನಲ್ಲಿ ಎದ್ದುಬರುವ ಕೆಲಸ 2015ರ ಅಕ್ಟೋಬರಿನಲ್ಲಿ ಗಟ್ಟಿಯಾಗಿ ಆರಂಭವಾಯಿತು. ಮಕ್ಕಳ ವೈದ್ಯರಾದ ಡಾ. ಶಾಂತಾರಾಮ ಬಾಳಿಗಾ ಅವರ ಮುಂದಾಳುತನದಲ್ಲಿ ರೂಪುಗೊಂಡ ಗಣಕ ವ್ಯವಸ್ಥೆಯೊಂದನ್ನು ಪಾಲಿಕೆ ಜಾರಿಗೆ ತಂದಿತು. ಆಸ್ಪತ್ರೆಯಲ್ಲಿಯೋ ಪ್ರಯೋಗಾಲಯದಲ್ಲಿಯೋ ಮಲೇರಿಯಾ ಪತ್ತೆಯಾದೊಡನೆ ವಿವರ ಅದರಲ್ಲಿ ದಾಖಲಾಗುವುದು. ಕಾರ್ಯಕರ್ತನು ಕೈಗಣಕ ಹಿಡಿದು ರೋಗಿಯ ಮನೆಗೆ ಹೋಗಿ ಸುತ್ತಲಿನವರ ರಕ್ತವನ್ನೂ ನಿಂತ ನೀರನ್ನೂ ಪರೀಕ್ಷಿಸುವನು. ಹೋಗದಿದ್ದರೆ ಮೇಲಧಿಕಾರಿಗೆ ಅದು ಕಾಣುವುದು. ಔಷಧಿಯೂ ಸೊಳ್ಳೆಯೂ ಮೊದಲಿನವೇ. ಹೊಸದೆಂದರೆ ಪ್ರತಿಯೊಂದು ಜ್ವರಕ್ಕೂ ಒಬ್ಬ ಹೊಣೆಗಾರನಿದ್ದುದು. ಐದು ವರ್ಷಗಳಲ್ಲಿ ರೋಗಿಗಳ ಸಂಖ್ಯೆ ಬಹುವಾಗಿ ಇಳಿಯಿತು.

ಡೆಂಗಿಯ ಹಾವಳಿಯಿಂದಾಗಿ 2024ರಲ್ಲಿ ರಾಜ್ಯ ಸರ್ಕಾರವು ಸೊಳ್ಳೆ ಬೆಳೆಯಗೊಡುವವರಿಗೆ ದಂಡ ವಿಧಿಸಿತು: ನಗರದ ಮನೆಗಳಿಗೆ 400 ರೂಪಾಯಿ, ಕಟ್ಟಡ ಏಳುತ್ತಿರುವ ನಿವೇಶನಗಳಿಗೆ 2000. ಕಟ್ಟಡಕ್ಕೆ ಕೋಟಿ ಸುರಿಯುವವನಿಗೆ ಎರಡು ಸಾವಿರವೆಂದರೆ ಲೆಕ್ಕಕ್ಕೇ ಬಾರದು. ಇನ್ನು ಸರ್ಕಾರಿ ಕಚೇರಿಯ ತೊಟ್ಟಿ ತೆರೆದಿದ್ದರೆ ದಂಡವನ್ನು ಯಾರು ತೆರಬೇಕು, ಯಾರ ಸಂಬಳದಿಂದ? ಇದನ್ನು ಕೇಳುವುದು ತೆರಿಗೆ ಕೊಡುವ ಕುಟುಂಬಗಳ ಹಕ್ಕು.

ಕೇಳುವಾಗ ಮನೆಯವರ ಪಾಲೂ ಒಂದಿದೆ. ವೈವಾಕ್ಸ್ ಮಲೇರಿಯಾದಲ್ಲಿ ಮೂರು ದಿನಕ್ಕೆ ಜ್ವರ ಬಿಟ್ಟರೂ ರೋಗಾಣು ಯಕೃತ್ತಿನಲ್ಲಿ ಅಡಗಿರುತ್ತದೆ. ಆದ್ದರಿಂದಲೇ ವೈದ್ಯರು ಹದಿನಾಲ್ಕು ದಿನಗಳ ಮಾತ್ರೆ ಕೊಡುವುದು. ಹಬ್ಬಕ್ಕೋ ಜಾತ್ರೆಗೋ ನಡುವೆಯೇ ಊರಿಗೆ ಹೊರಟುಬಂದ ದುಡಿಮೆಗಾರರು ನಿಮ್ಮ ಮನೆಯಲ್ಲಿದ್ದರೆ, ಉಳಿದ ಮಾತ್ರೆಗಳೆಷ್ಟೆಂದು ಇಂದೇ ಎಣಿಸಿ ನೋಡಿ.