‘ಎಂಜಾಯ್’ ಮತ್ತು ತುಂಬು ಬಾಳು

‘ಲಿವ್ ಲೈಫ್ ಟು ದ ಫುಲ್ಲೆಸ್ಟ್’ ಎಂಬ ಇಂಗ್ಲಿಷ್ ನುಡಿ ಇಂದು ಹಳ್ಳಿಯ ಯುವಕರ ಮೊಬೈಲ್ ಸ್ಟೇಟಸ್ಸಿನಲ್ಲಿಯೂ ಕಾಣಿಸುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ದಾರಿ ಕೂಡುವ ಕಿಬ್ಬನಹಳ್ಳಿ ಕ್ರಾಸಿನ ಚಹಾ ಅಂಗಡಿಯಲ್ಲಿ ಅದೇ ಮಾತು, “ಇರೋದೊಂದೇ ಲೈಫು, ಎಂಜಾಯ್ ಮಾಡ್ಬೇಕು” ಎಂದು ಕನ್ನಡದ ವೇಷ ತೊಟ್ಟಿದೆ. ಬದುಕನ್ನು ಪೂರ್ಣವಾಗಿ ಅನುಭವಿಸಬೇಕೆಂಬ ಆಸೆಯಲ್ಲಿ ದೋಷವಿಲ್ಲ. ಶರಣರೂ ಸಂಸಾರವನ್ನು ತೊರೆಯಿರೆಂದು ಹೇಳಿದವರಲ್ಲ. ಆದರೆ ‘ಎಂಜಾಯ್’ ಎಂಬ ಪದದ ಅರ್ಥ ಕುಗ್ಗುತ್ತ ಬಂದು ಕರಿದ ತಿಂಡಿ, ಮದ್ಯದ ಬಾಟಲಿ, ನಿದ್ದೆಗೆಟ್ಟ ರಾತ್ರಿಗಳಿಗೆ ಸೀಮಿತವಾಗುತ್ತಿರುವುದು ಚಿಂತಿಸಬೇಕಾದ ಸಂಗತಿ.

ನಮ್ಮ ನುಡಿಯಲ್ಲಿ ‘ತುಂಬು ಬಾಳು’ ಎಂಬ ಸೊಗಸಾದ ಮಾತಿದೆ. ಹಿರಿಯರೊಬ್ಬರು ತುಂಬು ಬಾಳು ಬಾಳಿದರು ಎಂದಾಗ ಅವರು ಎಷ್ಟು ಉಂಡರು, ಎಷ್ಟು ಸುತ್ತಿದರು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಕೊನೆಯವರೆಗೂ ಕೈಕಾಲು ಆಡುತ್ತಿದ್ದವು, ಮನೆಮಂದಿ ಸುತ್ತ ಇದ್ದರು, ನಾಲ್ಕು ಜನಕ್ಕೆ ಬೇಕಾದವರಾಗಿದ್ದರು ಎಂಬುದೇ ಅದರ ಅರ್ಥ.

ಸುಖಕ್ಕೂ ಶರೀರವೇ ಸಾಧನ

ಯಾವ ಸುಖವನ್ನೇ ಆಗಲಿ ಈ ಶರೀರದ ಮೂಲಕವೇ ಅನುಭವಿಸಬೇಕು. ಮೂವತ್ತರಲ್ಲಿ ಮಿತಿಯಿಲ್ಲದೆ ತಿಂದವನು ಐವತ್ತರಲ್ಲಿ ಹಬ್ಬದ ಒಂದು ಹೋಳಿಗೆಯನ್ನೂ ಅಂಜುತ್ತ ತಿನ್ನಬೇಕಾಗುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಪಾದದ ಸ್ಪರ್ಶಜ್ಞಾನ ಕುಂದುತ್ತದೆ, ಕಣ್ಣು ಮಂಜಾಗುತ್ತದೆ, ಮೂತ್ರಪಿಂಡ ಸೋಲುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ.

ಹಳ್ಳಿಯೂ ಇದಕ್ಕೆ ಹೊರತಲ್ಲ. ಹಿಂದೆ ತೆಂಗಿನ ತೋಟಕ್ಕೆ ನಡೆದೇ ಹೋಗುತ್ತಿದ್ದರು. ಪಾತಿ ಮಾಡುವುದು, ಕಾಯಿ ಹೊರುವುದು, ಸುಲಿಯುವುದು ಎಲ್ಲವೂ ಮೈಗೆ ವ್ಯಾಯಾಮವಾಗಿತ್ತು. ಈಗ ತೋಟಕ್ಕೆ ಬೈಕು, ಮೋಟಾರಿಗೆ ಮೊಬೈಲ್ ಸ್ಟಾರ್ಟರ್. ಬೆವರು ಕಡಿಮೆಯಾಯಿತು, ಊಟದ ಪ್ರಮಾಣ ಮಾತ್ರ ಹಾಗೆಯೇ ಉಳಿಯಿತು. ಮನೆಯ ಕಾಯಿಯೆಂದು ಎಲ್ಲದಕ್ಕೂ ಧಾರಾಳವಾಗಿ ಸುರಿಯುವವರೂ ನೆನಪಿಡಬೇಕು: ತೆಂಗಿನಕಾಯಿ ಒಳ್ಳೆಯ ಆಹಾರವೇ, ಆದರೆ ಕೊಬ್ಬರಿ ಎಣ್ಣೆಯಲ್ಲಿ ಶೇಕಡ 80ಕ್ಕೂ ಹೆಚ್ಚು ಪರ್ಯಾಪ್ತ ಕೊಬ್ಬಿದೆ. ಮೈಮುರಿದು ದುಡಿಯದವರಿಗೆ ಹಿತಮಿತವೇ ಸರಿ.

ಮದ್ಯದ ವಿಷಯದಲ್ಲಿ ‘ಸ್ವಲ್ಪ ಕುಡಿದರೆ ಒಳ್ಳೆಯದು’ ಎಂಬ ಭ್ರಮೆ ಇನ್ನೂ ಹೋಗಿಲ್ಲ. ಆರೋಗ್ಯಕ್ಕೆ ಸುರಕ್ಷಿತವೆನ್ನುವಂತಹ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅಲ್ಲದೆ ನಿತ್ಯ ಕುಡಿಯುವವನ ಮೆದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ನಿನ್ನೆಯ ಪ್ರಮಾಣ ಇಂದು ಸಾಲದಾಗುತ್ತದೆ. ಸುಖ ಹುಡುಕಿ ಹೊರಟವನಿಗೆ ಕಡೆಗೆ ಸುಖವೂ ಸಿಗುವುದಿಲ್ಲ, ಬಿಡುಗಡೆಯೂ ಸಿಗುವುದಿಲ್ಲ.

ಕಣ್ಣೆದುರಿನ ನಿದರ್ಶನ

ಬದುಕನ್ನು ಪೂರ್ಣವಾಗಿ ಬದುಕುವುದೆಂದರೇನು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವಿದೆ. 1907ರ ಏಪ್ರಿಲ್ 1ರಂದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿದ ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಬೆಳಗಿನ ಜಾವದ ಏಳುವಿಕೆ, ಪೂಜೆ, ಮಿತಾಹಾರ, ಬಿಡುವಿಲ್ಲದ ಕಾಯಕ, ಸಾವಿರಾರು ಮಕ್ಕಳ ಅನ್ನ-ಅಕ್ಷರದ ಚಿಂತೆ ಅವರ ದಿನಚರಿಯಾಗಿತ್ತು. ಆ ಬಾಳನ್ನು ಬರಿದಾದ ಬಾಳೆಂದು ಯಾರಾದರೂ ಹೇಳಬಲ್ಲರೇ?

ಎಲ್ಲರಿಗೂ ಅಷ್ಟು ಆಯುಷ್ಯ ದೊರೆಯದು. ಆದರೆ ಜನರ ನಡುವೆ ಬಾಳುವುದರ ಬೆಲೆಯನ್ನು ವಿಜ್ಞಾನವೂ ಒಪ್ಪುತ್ತದೆ. ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನವು, ಆತ್ಮೀಯ ಸಂಬಂಧಗಳನ್ನು ಉಳಿಸಿಕೊಂಡವರೇ ಹೆಚ್ಚು ಸುಖಿಗಳೂ ಆರೋಗ್ಯವಂತರೂ ಆಗಿರುತ್ತಾರೆಂದು ಕಂಡುಕೊಂಡಿದೆ. ದಾಸೋಹದ ಪಂಕ್ತಿಯಲ್ಲಿ ಕುಳಿತು ಉಂಡವರಿಗೆ ಇದು ಹೊಸ ಮಾತೇನಲ್ಲ. ಪ್ರಸಾದವೆಂದು ಸ್ವೀಕರಿಸಿದ ಅನ್ನವನ್ನು ಯಾರೂ ಅತಿಯಾಗಿ ಹಾಕಿಸಿಕೊಳ್ಳುವುದಿಲ್ಲ, ಚೆಲ್ಲುವುದೂ ಇಲ್ಲ. ರುಚಿಗೆ ಮಾತ್ರ ಕೊರತೆಯಿರುವುದಿಲ್ಲ.

ಇಂದಿನಿಂದಲೇ ಮಾಡಬಹುದಾದುದು

• ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಿರಿ. ತೋಟಕ್ಕೆ ನಡೆದೇ ಹೋಗುವುದು ಉತ್ತಮ.
• ತಟ್ಟೆಯಲ್ಲಿ ಅರ್ಧಭಾಗ ಸೊಪ್ಪು, ತರಕಾರಿ, ಹಣ್ಣುಗಳಿರಲಿ. ಮುದ್ದೆ, ಅನ್ನ, ಕಾಳುಗಳಿಗೆ ಉಳಿದರ್ಧ.
• ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರದಿರಲಿ.
• ರಾತ್ರಿ ಏಳು ಗಂಟೆಯಾದರೂ ನಿದ್ರಿಸಿರಿ. ಮೊಬೈಲನ್ನು ಹಾಸಿಗೆಯಿಂದ ದೂರವಿಡಿರಿ.
• ಮೂವತ್ತು ದಾಟಿದವರು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆಯನ್ನು ಉಚಿತವಾಗಿ ಪರೀಕ್ಷಿಸಿಕೊಳ್ಳಿರಿ.
• ಸಕ್ಕರೆ ಕಾಯಿಲೆಗೆ ಔಷಧಿ ಸೇವಿಸುವವರು ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಿರಿ.

ಉಂಡೆ ಕೊಬ್ಬರಿಯಾಗಲು ಕಾಯಿ ಸುಮಾರು ಒಂದು ವರ್ಷ ಅಟ್ಟದಲ್ಲಿರಬೇಕೆಂಬುದು ನಮ್ಮ ಸೀಮೆಯ ಪ್ರತಿಯೊಬ್ಬ ರೈತನಿಗೂ ಗೊತ್ತು. ಆತುರಪಟ್ಟು ಮೊದಲೇ ಒಡೆದವನಿಗೆ ಕೊಬ್ಬರಿ ದಕ್ಕದು. ಇರುವುದೊಂದೇ ಜೀವನ ಎಂಬುದು ನಿಜವೇ. ಒಂದೇ ಆದುದರಿಂದಲೇ ಅದನ್ನು ಜತನದಿಂದ ಬಾಳಬೇಕು. ಮೊಮ್ಮಕ್ಕಳ ಕೈಹಿಡಿದು ಜಾತ್ರೆಯ ತೇರನ್ನು ಕಣ್ತುಂಬ ನೋಡುವ ಭಾಗ್ಯ ಎಲ್ಲ ಸದ್ಭಕ್ತರಿಗೂ ದೊರೆಯಲಿ.