ಕಾರಿನ ಬೆನ್ನೆಲುಬು ಸೊಟ್ಟಗಾದರೆ

ಹೊರಮೈ ಎಷ್ಟೇ ಹೊಳೆಯುತ್ತಿರಲಿ, ಒಳಗಿನ ಚೌಕಟ್ಟು ತಿರುಚಿಕೊಂಡ ಕಾರು ನೆಟ್ಟಗೆ ಓಡದು. ಇಂಗ್ಲೆಂಡಿನ ಲೋಟಸ್ ಸಂಸ್ಥೆ 1962ರಲ್ಲಿ ಹೊರತಂದ ‘ಎಲಾನ್’ ಕಾರನ್ನೇ ನೋಡಿರಿ. ಅದರ ಮೈ ಗಾಜಿನೆಳೆ ಬೆರೆತ ಪ್ಲಾಸ್ಟಿಕ್ಕಿನದು. ಎಂಜಿನನ್ನೂ ಚಕ್ರಗಳನ್ನೂ ಹಿಡಿದಿಡುವುದು ನಡುವೆ ಹಾಯ್ದ ಉಕ್ಕಿನ ತಗಡಿನ ಬೆನ್ನೆಲುಬು. ಇದರ ಮುಂದಿನ ಅಡ್ಡತೊಲೆ ಟೊಳ್ಳು. ಮುಂಬದಿಯ ದೀಪಗಳನ್ನು ಏರಿಳಿಸುವ ನಿರ್ವಾತಕ್ಕೆ ಅದೇ ಕೋಶ! ಅಲ್ಲಿ ತುಕ್ಕು ತಿಂದು ತೂತಾದರೆ ನಿರ್ವಾತವು ಸೋರಿ ದೀಪಗಳ ಚಲನೆ ಕೆಡುತ್ತದೆ. ದೀಪದ ದೋಷವೆಂದು ತೋರುವುದು ಚೌಕಟ್ಟಿನ ರೋಗದ ಲಕ್ಷಣವೂ ಆಗಿರಬಹುದು.

ಚಿಕಿತ್ಸೆ ಹೇಗೆ? ಮೊದಲು ಮೈಯನ್ನು ಬೇರ್ಪಡಿಸಿ, ಚೌಕಟ್ಟನ್ನು ಸಮತಲದ ಮೇಜಿನ ಮೇಲಿರಿಸಿ ಅಳೆಯುತ್ತಾರೆ. ಎಡಬಲಗಳ ಸರಿಜೋಡಿ ಬಿಂದುಗಳ ನಡುವಣ ಎರಡು ಕರ್ಣಗಳು ಸಮವಾಗಿಲ್ಲದಿದ್ದರೆ ಚೌಕಟ್ಟು ಓರೆಯಾಗಿದೆಯೆಂದೇ ಅರ್ಥ. ಆಗ ಅದನ್ನು ಯಂತ್ರಬಲದಿಂದ ಎಳೆಯಬೇಕು. ಉಕ್ಕು ಸ್ಥಿತಿಸ್ಥಾಪಕ ವಸ್ತು. ಬಿಟ್ಟೊಡನೆ ತುಸು ಹಿಂದೆ ಸರಿಯುವುದರಿಂದ, ಬೇಕಾದುದಕ್ಕಿಂತ ಕೊಂಚ ಹೆಚ್ಚಾಗಿಯೇ ಎಳೆಯುವುದುಂಟು. ಬೆಸೆದ ಲೋಹ ಆರುವಾಗ ಕುಗ್ಗಿ ಮತ್ತೆ ಸೊಟ್ಟಗಾದೀತು. ಆದ್ದರಿಂದ ಚೌಕಟ್ಟನ್ನು ಬಿಗಿಯಾಗಿ ಕಟ್ಟಿಹಾಕಿ, ಅಲ್ಲಲ್ಲಿ ಸ್ವಲ್ಪ ಸ್ವಲ್ಪವೇ ಬೆಸೆಯುತ್ತಾರೆ. ತಗಡು ಮಡಿಚಿಹೋಗಿದ್ದರೆ ಅಥವಾ ತುಕ್ಕು ಆಳಕ್ಕಿಳಿದಿದ್ದರೆ ಹೊಸ ಚೌಕಟ್ಟೇ ಕ್ಷೇಮ. ಬಣ್ಣವು ಕಣ್ಣಿಗೆ ಮರೆಮಾಡಿದ ವಕ್ರತೆಯನ್ನು ವೇಗದ ತಿರುವು ಬಯಲಿಗೆಳೆಯದೆ ಬಿಡದು.